ರಸ್ತೆಯ ಈಚೆ ಬದಿಯ ಚುಕ್ಕೆ

ಟಿಲ್ಡಾ ಬ್ರೆಕಿಗೆ ಕೂತಲ್ಲಿ ಕೂರಲಾಗದು. ಬೆಳಿಗ್ಗೆ ಶಾಲೆಯ ಬಸ್ಸು ಓಡಿಸಿ ಬಂದವಳು ಕೋಟು ಕೂಡ ಬಿಚ್ಚದೆ ರೇಡಿಯೊ ಹೊತ್ತುಕೊಂಡು ಯಾವುದಾದರೂ ಪಾರ್ಕಿಗೆ ಹೊರಟುಬಿಡುತ್ತಾಳೆ. ಮರಕ್ಕೆ ಆಂಟೆನಾ ತಂತಿ ಎಸೆದು, ಬೆಂಚಿನ ಮೇಲೆ ಕೂತು, ಕಂಡರಿಯದವರನ್ನು ಗಾಳಿಯಲ್ಲಿ ಕರೆಯುವುದು ಉತ್ತರ ವಿಸ್ಕಾನ್ಸಿನ್‌ನ ಹವ್ಯಾಸಿ ರೇಡಿಯೊ ಮಂದಿಗೆಲ್ಲ ಇರುವ ಹುಚ್ಚು. ಹತ್ತು ಜನ ಉತ್ತರ ಕೊಟ್ಟರೆ ಆ ಪಾರ್ಕು ನಿಮ್ಮ ಲೆಕ್ಕಕ್ಕೆ ಸೇರಿತು. ಆದರೆ ಮನುಷ್ಯ, ರೇಡಿಯೊ ಪೆಟ್ಟಿಗೆ, ತಂತಿ ಮೂರೂ ಪಾರ್ಕಿನ ಗಡಿಯೊಳಗೇ ಇರಬೇಕು. ಯಾರೂ ಬಂದು ನೋಡುವುದಿಲ್ಲ. ನಿಮ್ಮ ಮಾತೇ ಸಾಕ್ಷಿ.

ಒಂದು ಚಳಿಗಾಲ ಹಿಮಕ್ಕೆ ದಾರಿ ಮುಚ್ಚಿಹೋಗಿ, ಮನೆಯೊಳಗೆ ಕೈಕಾಲು ಕಟ್ಟಿಹಾಕಿದಂತಾದಾಗ ಅವಳೊಂದು ತಂತ್ರಾಂಶ ಬರೆದಳು. ಜಿಲ್ಲೆಯ ಹೆಸರು ಒತ್ತಿದರೆ ಸಾಕು, ಅಲ್ಲಿಯ ಪಾರ್ಕುಗಳೆಲ್ಲ ನಕ್ಷೆಯ ಮೇಲೆ ಚುಕ್ಕೆಗಳಾಗಿ ಮೂಡುತ್ತವೆ. ನೀವು ಮುಗಿಸಿದ್ದು ಹಸಿರು, ಉಳಿದದ್ದು ಕೆಂಪು. ಊರಿನ ಗುಂಪೆಲ್ಲ ಅದನ್ನೇ ನೆಚ್ಚಿಕೊಂಡಿತು. ಎಲ್ಲರಿಗಿಂತ ಹೆಚ್ಚು ನೆಚ್ಚಿದವನು ಎಲ್ರಾಯ್ ಕುಬಿಯಾಕ್. ಹಾಲಿನ ಲಾರಿ ಓಡಿಸಿ ನಿವೃತ್ತನಾದವನು, ಟಿಲ್ಡಾಗೆ ಮೋರ್ಸ್ ಸಂಕೇತ ತಟ್ಟಲು ಕಲಿಸಿದವನು. ಕಳೆದ ಗುರುವಾರ ಅವನ ಕೊನೆಯ ಕೆಂಪು ಚುಕ್ಕೆ, ಮಸ್ಕ್ರಾಟ್ ಜೌಗು ಎಂಬ ಪಾರ್ಕು, ಹಸಿರಾಯಿತು. ಜಿಲ್ಲೆಯೇ ಮುಗಿಯಿತು!

ಜಿಲ್ಲೆ ಮುಗಿಸಿದವರಿಗೆ ಶನಿವಾರದ ತಿಂಡಿಗೆ ಬರ್ನಿಸ್ ತನ್ನ ಹೋಟೆಲಿನಲ್ಲಿ ಚೆರ್ರಿ ಪೈ ಮಾಡುತ್ತಾಳೆ. ಮೇಲೆ ಅವರ ರೇಡಿಯೊ ಗುರುತಿನ ಅಕ್ಷರಗಳನ್ನು ಹಿಟ್ಟಿನಲ್ಲೇ ಬರೆದು ಬೇಯಿಸುತ್ತಾಳೆ. ಆ ಪೈಗಾಗಿ ಎಲ್ರಾಯ್ ಎಷ್ಟೋ ವರ್ಷ ಕಾದಿದ್ದ.

ಶುಕ್ರವಾರ ಟಿಲ್ಡಾ ಸುಮ್ಮನಿರಲಾರದೆ ಚುಕ್ಕೆಗಳ ಮೇಲೆ ಸರ್ಕಾರದ ಹೊಸ ಗಡಿನಕ್ಷೆ ಹಾಸಿ ನೋಡಿದಳು. ಎಲ್ಲವೂ ಗಡಿಯೊಳಗೇ ಇದ್ದವು, ಮಸ್ಕ್ರಾಟ್ ಒಂದನ್ನು ಬಿಟ್ಟು. ಅದು ರಸ್ತೆಯ ಈಚೆಗಿತ್ತು. ಅವಸರದಲ್ಲಿ ಅವಳೇ ಕೈಯಾರೆ ಇಟ್ಟ ಚುಕ್ಕೆ. ಸರ್ಕಾರದ ನಕ್ಷೆಯೇ ತಪ್ಪಿರಲಿ ಎಂದು ಹಾರೈಸುತ್ತ ಜೌಗಿಗೆ ಓಡಿದಳು. ಅಲ್ಲಿ ನೋಡಿದರೆ ಜೌಗಿನ ಬೋರ್ಡು ರಸ್ತೆಯಾಚೆ, ಹಳ್ಳದ ಆ ಬದಿಗೆ ನಿಂತಿದೆ. ಈಚೆ ಯಾರದೋ ಹುಲ್ಲಿನ ಹೊಲ. ಎಲ್ರಾಯ್‌ನ ಗಾಡಿಯ ಚಕ್ರದ ಗುರುತು ನೇರವಾಗಿ ಅವಳ ಚುಕ್ಕೆಯ ಜಾಗಕ್ಕೇ ಹೋಗಿ ನಿಂತಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು. ಸಂಜೆ ಅದೇ ಗುಂಗಿನಲ್ಲಿ ಬಸ್ಸು ಓಡಿಸುತ್ತಿದ್ದಾಗ ಮಕ್ಕಳೆಲ್ಲ ಕೂಗಿದವು: "ಟಿಲ್ಡಾ, ನಮ್ಮ ಸ್ಟಾಪ್ ದಾಟಿ ಬಂದ್ಬಿಟ್ವಿ!"

ಶನಿವಾರ ಪೈ ಬಂತು. ಎಲ್ರಾಯ್ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

"ಏನೇ, ಕುರ್ಚಿಲಿ ಮುಳ್ಳಿದ್ಯಾ? ಮೇಜು ಅಲ್ಲಾಡಿ ನನ್ ಕಾಫಿ ಚೆಲ್ತಿದೆ," ಎಂದು ಚಾಕು ಎತ್ತಿದ.

"ಕತ್ತರಿಸ್ಬೇಡಿ ಎಲ್ರಾಯ್."

"ಯಾಕೆ, ಪೂರ್ತಿ ನಿಂಗೇ ಬೇಕಾ?"

"ಗುರುವಾರ ನೀವು ಕೂತಿದ್ದು ಪಾರ್ಕಲ್ಲ. ರಸ್ತೆ ಈಚೆ ಯಾರದೋ ಹೊಲ. ನಾನೇ ಚುಕ್ಕೆ ತಪ್ಪಾಗಿಟ್ಟಿದ್ದೆ."

ಬರ್ನಿಸ್ ಕಾಫಿ ಪಾತ್ರೆ ಹಿಡಿದೇ ಬಂದಳು. "ಅಯ್ಯೋ, ಒಂದ್ ರಸ್ತೆ ಅಗಲಕ್ಕೆ ಇಷ್ಟೊಂದಾ? ಕೇಳಿಸ್ಕೊಂಡೋರಿಗೆ ಏನ್ ಗೊತ್ತಾಗುತ್ತೆ? ಬಿಸಿ ಇರೋವಾಗ್ಲೇ ತಿನ್ರಪ್ಪ."

ಎಲ್ರಾಯ್ ಚಾಕು ಕೆಳಗಿಟ್ಟ. ಅವನ ಕಿವಿ ಕೆಂಪಾಗಿತ್ತು.

"ಬೋರ್ಡು ನಾನೂ ನೋಡ್ದೆ," ಎಂದ. "ಈ ನೋಯೋ ಮಂಡಿ ಇಟ್ಕೊಂಡು ಹಳ್ಳ ಯಾರ್ ದಾಟ್ತಾರೆ? ಟಿಲ್ಡಾ ಇಟ್ಟಿದ್ದು, ಸರಿಯಾಗೇ ಇರುತ್ತೆ ಅಂದ್ಕೊಂಡೆ. ಹಾಗಂದ್ಕೊಳ್ಳೋದು ಸುಲಭವಾಗಿತ್ತು ನೋಡು."

ಟೋಪಿ ಎತ್ತಿಕೊಂಡು ಹೊರಟೇಬಿಟ್ಟ. ಟಿಲ್ಡಾ ಹಿಂದೆಯೇ ಓಡಿದಳು. ಅವನ ಗಾಡಿ ಮನೆಯ ಕಡೆ ತಿರುಗಲಿಲ್ಲ, ಉತ್ತರಕ್ಕೆ, ಜೌಗಿನ ಕಡೆ ಹೋಯಿತು. ಅವಳೂ ಕಾರು ಹತ್ತಿದಳು.

ಅವಳು ತಲುಪುವಾಗ ಎಲ್ರಾಯ್ ಹಳ್ಳದ ಅಂಚಿನಲ್ಲಿ ನಿಂತು ನೀರನ್ನು ಬೈಯುತ್ತಿದ್ದ.

"ಭುಜ ಕೊಡ್ತೀಯೋ, ಅಲ್ಲೇ ಕುಣೀತಾ ನಿಂತಿರ್ತೀಯೋ?"

ಅವಳ ಭುಜ ಹಿಡಿದು, ಬೂಟಿನ ತುಂಬ ಕೆಸರು ತುಂಬಿಕೊಂಡು ದಾಟಿದ. ಅವಳು ಬರ್ಚ್ ಮರಕ್ಕೆ ತಂತಿ ಎಸೆದಳು. ಎಲ್ರಾಯ್ ಮಡಿಸುವ ಕುರ್ಚಿಯಲ್ಲಿ ಕೂತು, ಮೋರ್ಸ್ ಕೀಲಿಯ ಮೇಲೆ ಬೆರಳಿಟ್ಟವನು ಮತ್ತೆ ತೆಗೆದ.

"ಮೊದ್ಲು ಆ ಚುಕ್ಕೆ ಸರಿಸು."

"ಮನೆಗೆ ಹೋದ್ಮೇಲೆ ಮಾಡ್ತೀನಿ ಬಿಡಿ. ಈಗ ಕರೀರಿ, ಸಿಗ್ನಲ್ ಚೆನ್ನಾಗಿರೋವಾಗ್ಲೇ."

"ಇನ್ನೊಬ್ಬ ಯಾವನಾದ್ರೂ ಅದನ್ನೇ ನಂಬ್ಕೊಂಡು ಹೊರಟಿರ್ತಾನೆ. ಸರಿಸು ಅಂದ್ನಲ್ಲ."

ಟಿಲ್ಡಾ ಮತ್ತೆ ಹಳ್ಳ ಹಾರಿ, ಕಾರಿನಿಂದ ಲ್ಯಾಪ್‌ಟಾಪ್ ತಂದು, ಅವನ ಪಕ್ಕ ಒದ್ದೆ ಹುಲ್ಲಿನ ಮೇಲೆ ಕುಕ್ಕರಿಸಿದಳು. ಚುಕ್ಕೆಯನ್ನು ರಸ್ತೆ ದಾಟಿಸಿ ಜೌಗಿನೊಳಗೆ ತಂದಿಟ್ಟಳು. ಆಮೇಲೆ ಗುರುವಾರದ ದಾಖಲೆ ಅಳಿಸಬೇಕಿತ್ತು. ಬೆರಳು ಮುಂದಕ್ಕೆ ಹೋಗಲಿಲ್ಲ. ಎಲ್ರಾಯ್ ಬಗ್ಗಿ ತಾನೇ ಒತ್ತಿದ.

"ಕೆಂಪಾಯ್ತು," ಎಂದಳು.

"ಆಗ್ಲಿ," ಎಂದು ಅವನು ಕಿವಿಗೆ ಹೆಡ್‌ಫೋನ್ ಏರಿಸಿ, ಕೀಲಿ ತಟ್ಟತೊಡಗಿದ.