ಗುಂಡನ ಪುಡಿ ಡಬ್ಬಿ

ಬೀದಿಯ ಕೊನೆಯ ಅಂಗಡಿಯವಳನ್ನು ಎಲ್ಲರೂ ಕರೆಯುವುದು ಹೊಲಿಗೆಯಕ್ಕ ಅಂತಲೇ. ತಾನೇನೂ ದಪ್ಪ ಆಗಿಲ್ಲ ಅಂತ ಗಿರಾಕಿ ವಾದಕ್ಕೆ ನಿಂತರೆ ಇವಳು ಟೇಪು ಸುತ್ತಿ ತೋರಿಸುತ್ತಿದ್ದಳು, ಅಲ್ಲಿಗೆ ಮುಗಿಯಿತು.

ಅವಳ ನಾಯಿ ಗುಂಡನಿಗೆ ಸಕ್ಕರೆ ಕಾಯಿಲೆ ಬಂತು. ಕೊಡಗಟ್ಟಲೆ ನೀರು ಕುಡಿಯುವುದು, ಮನೆಯೆಲ್ಲ ಒದ್ದೆ ಮಾಡುವುದು. ನಾಯಿ ಡಾಕ್ಟರಮ್ಮ ಎರಡು ಹೊತ್ತೂ ಊಟವಾದ ಮೇಲೆ ಇನ್ಸುಲಿನ್ ಚುಚ್ಚುವುದನ್ನು ಹೇಳಿಕೊಟ್ಟರು. ದಿನವಿಡೀ ಸೂಜಿ ಹಿಡಿಯುವವಳು ಗುಂಡನಿಗೆ ಚುಚ್ಚುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಆಗ ಬಂದರು ಭಾವ, ಅವಳ ಅಕ್ಕನ ಗಂಡ. ಅವರಿಗೂ ಸಕ್ಕರೆ ಇದ್ದುದರಿಂದ ಅರ್ಧ ಡಾಕ್ಟರು. ನಾಯಿಗೆಂದೇ ಮಾಡಿದ ಪುಡಿ, ನಾರು, ಬೀಜ, ಸೊಪ್ಪು ಎಲ್ಲ ಇದೆ, ಇನ್ನು ಸೂಜಿ ಯಾಕೆ ಅಂತ ಡಬ್ಬಿ ಇಟ್ಟು ಅಪ್ಪಣೆ ಕೊಡಿಸಿದರು. ಅವಳಿಗೂ ಅದೇ ಬೇಕಿತ್ತು. ಚುಚ್ಚುವುದು ಬಿಟ್ಟಳು, ಊಟಕ್ಕೆ ಪುಡಿ ಕಲಸಿದಳು.

ವಾರ ಕಳೆದು, ಗುಂಡನಿಗೊಂದು ಅಂಗಿ ಹೊಲಿಯೋಣವೆಂದು ಟೇಪು ಸುತ್ತಿದರೆ ಹಳೆಯ ಅಳತೆಗಿಂತ ಎರಡಿಂಚು ಕಡಿಮೆ. ತಟ್ಟೆ ನೆಕ್ಕಿ ನೆಕ್ಕಿ ತಿನ್ನುವ ಪ್ರಾಣಿ! ಕೊಬ್ಬು ಕರಗಿದೆ, ಒಳ್ಳೇದೇ ಆಯಿತು ಅಂದರು ಭಾವ. ಮೂವತ್ತು ವರ್ಷ ಸೊಂಟ ಅಳೆದವಳಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅಂಗಡಿ ಬಾಗಿಲೆಳೆದು ಗುಂಡನನ್ನು ಎತ್ತಿಕೊಂಡು ಓಡಿದಳು.

ಡಾಕ್ಟರಮ್ಮ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಸಕ್ಕರೆ ಏರಿ ಮೈ ಇಳಿದಿದೆ, ಇನ್ನೆರಡು ದಿನ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಅಂತ ಹೇಳಿ ಗುಂಡನನ್ನು ಅಲ್ಲೇ ಉಳಿಸಿಕೊಂಡರು.

"ಪುಡಿ ಊಟದ ಜೊತೆ ಇರ್ಲಿ ಬಿಡಮ್ಮ. ಸೂಜಿಯ ಜಾಗದಲ್ಲಿ ಬೇಡ. ಹೊಸದೇನು ಕೊಡೋದಿದ್ರೂ ಮೊದಲು ನಂಗೊಂದು ಮಾತು ಹೇಳು."

ಮೂರನೇ ದಿನ ಗುಂಡ ಮನೆಗೆ ಬಂದ. ಅವನು ತಿಂದು ಮುಗಿಸಿದ ಮೇಲೆ ಅವಳೇ ಚುಚ್ಚಿದಳು. ಕಣ್ಣು ಬಿಟ್ಟುಕೊಂಡೇ.

ಮಧ್ಯಾಹ್ನ ಭಾವ ಎರಡು ಪ್ಯಾಂಟು ಹಿಡಿದು ಹಾಜರು. ಸೊಂಟದಲ್ಲಿ ನಿಲ್ಲುತ್ತಲೇ ಇಲ್ಲ, ಸ್ವಲ್ಪ ಬಿಗಿ ಮಾಡಿಕೊಡು ಅಂತ ಬೀಗುತ್ತಾ ಕೂತರು. ಕೂತಲ್ಲೇ ಎರಡು ಚೊಂಬು ನೀರು ಖಾಲಿ ಮಾಡಿದರು. ಹೊಲಿಗೆಯಕ್ಕ ಯಂತ್ರ ನಿಲ್ಲಿಸಿದಳು.

"ಭಾವ, ಮಾತ್ರೆ ತಗೋತಿದ್ದೀರಾ?"

ಭಾವ ಫ್ಯಾನು ನೋಡಿದರು. "ನಂದೂ ಪುಡಿನೇ ಕಣಮ್ಮ."

ಅವಳು ಪ್ಯಾಂಟು ಮಡಚಿ ಅವರ ಚೀಲಕ್ಕೇ ತುರುಕಿದಳು. "ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ, ಆಮೇಲೆ ಹೊಲೀತೀನಿ. ಅಲ್ಲೀವರೆಗೂ ಕೈಯಲ್ಲೇ ಹಿಡ್ಕೊಂಡು ಓಡಾಡಿ."

ಗೊಣಗುತ್ತಾ ಮೆಟ್ಟಿಲಿಳಿದ ಭಾವ ಎಡಕ್ಕೆ, ಮನೆ ಕಡೆ ಹೊರಟರು. ಆಸ್ಪತ್ರೆ ಇರುವುದು ಬಲಕ್ಕೆ ಅಂತ ಇವಳು ಬಾಗಿಲಿಂದಲೇ ಕೂಗಿದಳು. ಭಾವ ಜಾರುವ ಪ್ಯಾಂಟು ಮೇಲೆಳೆದುಕೊಂಡು ಬಲಕ್ಕೆ ತಿರುಗಿದರು.