ಕಣ್ಣಿಗೊತ್ತಿಕೊಂಡು ಬಿಟ್ಟ ಮೀನು

ಆ ಬೆಳಿಗ್ಗೆ ಕೆರೆಯ ಮೇಲೆ ಮಂಜಿತ್ತು ಎಂದು ನನ್ನ ನೆನಪು. ಅಣ್ಣನನ್ನು ಕೇಳಿದರೆ ಮಂಜೆಲ್ಲಿ ಬಂತು, ಸುಡು ಬಿಸಿಲು, ಟೊಪ್ಪಿಗೆ ಮರೆತು ಬಂದು ನೆತ್ತಿ ಕಾಯಿಸಿಕೊಂಡಿರಿ ಎನ್ನುತ್ತಾರೆ. ಒಂದೇ ದಿನದಲ್ಲಿ ಎರಡೂ ಇದ್ದಿರಬಹುದು. ನನ್ನೊಳಗೆ ಮಾತ್ರ ಆ ದಿನ ಪೂರ್ತಿ ಬೆಳ್ಳಗಿದೆ. ನೀರು ಎಲ್ಲಿ ಮುಗಿಯುತ್ತದೆ, ಆಚೆ ದಡ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುವುದಿಲ್ಲ. ನಡುವೆ ಗಾಳದ ಒಂದು ಕಿತ್ತಳೆ ಬಣ್ಣದ ಬೆಂಡು ತೇಲುತ್ತಿದೆ.

ಅಣ್ಣ ನನ್ನ ಒಡಹುಟ್ಟಿದವರಲ್ಲ. ಧಾರವಾಡದ ಕಡೆಯವರು, ಈಗ ಈ ಪರದೇಶದ ಬರ್ಲಿಂಗ್ಟನ್ನಿನಲ್ಲಿ ಎಂಜಿನಿಯರು, ನನಗಿಂತ ಹಿರಿಯರು. ಕನ್ನಡದವರ ಒಂದು ಊಟದ ಸಾಲಿನಲ್ಲಿ ಪರಿಚಯವಾದ ಮೇಲೆ ಅಣ್ಣ ಎನ್ನತೊಡಗಿದೆ. ಅವರ ಹೆಂಡತಿಯನ್ನು ಅವರ ಊರಿನ ರೂಢಿಯಂತೆ ವೈನಿ ಎನ್ನುತ್ತೇನೆ. ನಾನು ಮೈಸೂರಿನವನು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಯಾರು ಏನು ಹೇಳಿದರೂ ಆಧಾರ ಕೇಳುವ ಚಟ ಅಂಟಿಸಿಕೊಂಡವನು. ಒಂದೆಡೆ ಕೂರಲಾರದ ನಾನು ಗಾಳ ಹಿಡಿದು ಕೂರುವುದನ್ನು ಕಲಿತದ್ದು ಅವರಿಂದ.

ಕೆರೆ ಸ್ಟೌಫ್‌ವಿಲ್ ದಾಟಿದ ಮೇಲೆ ಸಿಗುತ್ತದೆ. ಜಲ್ಲಿ ತೆಗೆದು ಬಿಟ್ಟ ಗುಂಡಿಯಲ್ಲಿ ನೀರು ನಿಂತು ಕೆರೆಯಾಗಿದೆ. ಅದರ ಮಾಲೀಕ, ಇಂಗ್ಲೆಂಡಿನಿಂದ ಬಂದ ಮುದುಕ, ಗೆಂಡೆ ಮೀನುಗಳನ್ನು ತಂದು ಬಿಟ್ಟು ಬೆಳೆಸಿದ್ದಾನೆ. ವರ್ಷಕ್ಕೊಮ್ಮೆ ತನ್ನ ದೇಶದ ಪದ್ಧತಿಯಂತೆ ಪಂದ್ಯವನ್ನೂ ನಡೆಸುತ್ತಾನೆ. ಇಬ್ಬಿಬ್ಬರ ಜೋಡಿ. ಹಿಡಿದ ಮೀನನ್ನು ನೀರಿನಲ್ಲೇ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಕೂಡಿಡಬೇಕು. ಸಂಜೆ ತೂಗಿ, ಎಲ್ಲವನ್ನೂ ಕೆರೆಗೆ ಬಿಡುತ್ತಾರೆ. ಹೆಚ್ಚು ತೂಗಿದ ಜೋಡಿಗೆ ಒಂದು ಕಪ್ಪು.

ಆ ಕಪ್ಪು ಅಣ್ಣನಿಗೆ ಬೇಕಾಗಿತ್ತು. ತಮಾಷೆಗಲ್ಲ, ನಿಜವಾಗಿ. ಅವರದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಭಾನುವಾರವೆಲ್ಲ ಕೆರೆಯ ಬಳಿ ಕಳೆದು ಖಾಲಿ ಕೈಯಲ್ಲಿ ಬರುವ ಗಂಡನನ್ನು ವೈನಿ ವರ್ಷಗಟ್ಟಲೆ ನೋಡಿದ್ದರು. ಪಂದ್ಯದ ಹಿಂದಿನ ವಾರ ನನ್ನ ಎದುರಿಗೇ ಕೇಳಿದರು:

"ಇಷ್ಟ್ ವರ್ಷ ಹೋದ್ರಿ, ಏನ್ ತಂದ್ರಿ? ಮೀನಂತೂ ಮನಿಗೆ ಬರೂಹಂಗಿಲ್ಲ. ಒಂದ್ ಕಪ್ಪಾದ್ರೂ ತರ್ರಿ, ಮಂದಿಗೆ ತೋರಸಾಕ."

ಅಣ್ಣ ನಗಲಿಲ್ಲ. ಎದ್ದು ಹೋಗಿ ಶೋಕೇಸಿನಲ್ಲಿ ಚನ್ನಪಟ್ಟಣದ ಬೊಂಬೆಗಳನ್ನು ಒತ್ತಟ್ಟಿಗೆ ಸರಿಸಿ, ನಡುವೆ ಜಾಗ ಮಾಡಿ ಬಂದರು.

ಮೀನು ಹಿಡಿಯಲು ವೈನಿ ಒಪ್ಪಿದ್ದೇ ಒಂದು ಕರಾರಿನ ಮೇಲೆ. ಹುಳ ಮುಟ್ಟಬಾರದು. ಮೇಲೆ ಬಂದ ಜೀವವನ್ನು ಆಗಿಂದಾಗಲೇ ಬಿಡಬೇಕು, ಅದೂ ಕ್ಷಮೆ ಕೇಳಿ. ಹಾಗಾಗಿ ಅಣ್ಣನ ಗಾಳಕ್ಕೆ ಚಪಾತಿ ಹಿಟ್ಟಿನ ಉಂಡೆ. ಅದರಲ್ಲಿ ಬೆಲ್ಲ, ಜೆರಾರ್ಡ್ ಬೀದಿಯ ನಮ್ಮವರ ಬಜಾರಿನಿಂದ ತಂದ ಇಂಗು. ಅವರು ಡಬ್ಬಿ ತೆರೆದರೆ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ, ಮೀನು ಮಾತ್ರ ಬರುತ್ತದೆ. ಬಂದದ್ದನ್ನು ಒದ್ದೆ ಅಂಗೈಯಲ್ಲಿ ಹಿಡಿದು ಗಾಳ ಬಿಡಿಸುತ್ತಾರೆ. ಕಾಲಿಗೆ ಪುಸ್ತಕ ತಗುಲಿದಾಗ ಮಾಡುವಂತೆ ಅದನ್ನು ಎರಡು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. "ತಪ್ಪಾತವ್ವಾ" ಎಂದು ನೀರಿಗೆ ಬಿಡುತ್ತಾರೆ. ಇದನ್ನು ಎಷ್ಟು ಸಲ ನೋಡಿದ್ದೇನೋ.

ಪಂದ್ಯದ ದಿನಕ್ಕಷ್ಟೇ ಈ ಪದ್ಧತಿ ಬಿಡುವುದೆಂದು ವೈನಿಗೆ ಹೇಳದೆ ನಿರ್ಧರಿಸಿದ್ದೆವು. ನನಗೆ ವಹಿಸಿದ ಕೆಲಸ, ಪ್ರತಿ ಮೀನಿಗೂ "ಅಣ್ಣ, ಬಲೆ" ಎಂದು ನೆನಪಿಸುವುದು. ಬೆಳಿಗ್ಗೆ ಅದು ನಡೆಯಿತು. ಎರಡು ಬೆರಳು ಮೇಲೇಳುತ್ತಿತ್ತು, ನಾನು ಬಲೆ ಎನ್ನುತ್ತಿದ್ದೆ, ಕೈ ಕೆಳಗಿಳಿಯುತ್ತಿತ್ತು. ಒಮ್ಮೆ ಅವರೇ, ಬಲೆಯನ್ನು ತಮ್ಮ ಕಡೆಯ ಮಾತಿನಲ್ಲಿ ಬಲಿ ಮಾಡಿ, "ಬಲಿ ಬಲಿ ಅನಬ್ಯಾಡ್ರಿ ಮೈಸೂರವ್ರ, ಮೀನಿಗೂ ಕಿವಿ ಇರ್ತಾವ" ಎಂದರು.

ಮಧ್ಯಾಹ್ನ ಗಾಳಿ ನಿಂತಿತು. ಅಲ್ಲಿಂದ ಮುಂದೆ ನನಗೆ ನೆನಪಿರುವುದು ಕನಸು ನೆನಪಿರುವ ಹಾಗೆ. ಚಿತ್ರ ಸ್ಪಷ್ಟ, ಹಿಂದುಮುಂದು ಇಲ್ಲ. ಬೆಂಡು ಮುಳುಗಲಿಲ್ಲ, ನಿಧಾನವಾಗಿ ಓರೆಯಾಗಿ ಅತ್ತ ನಡೆಯಿತು. ಗಾಳದ ಕೋಲು ಬಾಗಿ ಬಾಗಿ ನೀರನ್ನು ಮುಟ್ಟುವಂತಾಯಿತು. ಬಹಳ ಹೊತ್ತಿನ ಮೇಲೆ ಹಳೆಯ ತಾಮ್ರದ ಹಂಡೆಯಂಥ ಬಣ್ಣದ ಬೆನ್ನೊಂದು ಮೇಲೆದ್ದಿತು. ಅಣ್ಣ ಮೊಣಕಾಲೂರಿ ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡರು. ನಾನು ಬಲೆಚೀಲದ ಬಾಯಿ ಬಿಡಿಸಲು ಬಗ್ಗಿದವನು ತಲೆಯೆತ್ತಿದೆ. ಅವರ ಹಿಂದೆ ದಿಬ್ಬದ ಮೇಲೆ ವೈನಿ ಬುತ್ತಿ ಹಿಡಿದು ನಿಂತಿದ್ದರು, ಹಸಿರು ಶಾಲು ಹೊದ್ದು. ಅವರನ್ನು ನೋಡುತ್ತ ನಾನು ಹೇಳಬೇಕಾದ ಮಾತು ಒಂದು ಉಸಿರಿನಷ್ಟು ತಡವಾಯಿತು. ಅಷ್ಟರಲ್ಲಿ ಎರಡು ಬೆರಳು ಮೀನನ್ನು ಮುಟ್ಟಿ ಕಣ್ಣಿಗೆ ಹೋಗಿತ್ತು. ತಪ್ಪಾತವ್ವಾ. ನೀರು ಒಂದು ಸುತ್ತು ತಿರುಗಿ ಸುಮ್ಮನಾಯಿತು.

ಅಣ್ಣ ತಮ್ಮ ಅಂಗೈಯನ್ನೇ ನೋಡುತ್ತ ಕೂತರು.

ಸಂಜೆ ನಮ್ಮ ಜೋಡಿ ಎರಡನೆಯದು. ಆ ಮೀನಿದ್ದಿದ್ದರೆ ಮೊದಲನೆಯದು, ಅನುಮಾನವಿಲ್ಲ. ನನಗೇ ಅನುಮಾನವಿಲ್ಲವೆಂದರೆ ನೋಡಿ.

ನನ್ನನ್ನು ಕಾಡಿದ್ದು ಬೇರೆ. ಕೈ ತಾನಾಗಿ ಬಿಟ್ಟಿತೋ, ಹೆಂಡತಿ ನಿಂತದ್ದು ಕಂಡು ಅವರೇ ಬಿಟ್ಟರೋ? ಎರಡನೆಯದೇ ಎಂದು ನನ್ನ ಮನಸ್ಸು ವಾಲುತ್ತಿತ್ತು. ಕತೆ ಚೆನ್ನಾಗಿತ್ತು, ಅದಕ್ಕೇ ನಂಬಿಕೆ ಬರಲಿಲ್ಲ. ಅಣ್ಣನನ್ನು ಕೇಳಿದರೆ, ಮರೆತೆ, ಅಷ್ಟೇ ಎಂದರು. ಅವಳು ಬಂದದ್ದು ಆಮೇಲೆ, ಊಟಕ್ಕೆ, ನೀವು ಕನಸು ಕಂಡಿದ್ದೀರಿ ಎಂದೂ ಹೇಳಿದರು. ದಿನ ಕಳೆದಂತೆ ನಾನು ಅವರ ಮಾತನ್ನೇ ಒಪ್ಪಿಕೊಳ್ಳುತ್ತ ಬಂದೆ. ದಿಬ್ಬ, ಬುತ್ತಿ, ಶಾಲು ಎಲ್ಲವೂ ಆಮೇಲೆ ನಾನೇ ಅಂಟಿಸಿಕೊಂಡದ್ದಿರಬೇಕು.

ಮೊದಲ ಹಿಮ ಬಿದ್ದ ವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅಣ್ಣ ಹೊರಗೆ ಡ್ರೈವ್‌ವೇಯ ಹಿಮ ಎತ್ತಿಹಾಕುತ್ತಿದ್ದರು. ಶೋಕೇಸಿನಲ್ಲಿ ಬೊಂಬೆಗಳು ಇನ್ನೂ ಒತ್ತಟ್ಟಿಗೇ ಇದ್ದವು, ನಡುವಿನ ಜಾಗ ಹಾಗೇ ಇತ್ತು. ನಾನು ಅದನ್ನು ನೋಡುತ್ತಿರುವುದನ್ನು ವೈನಿ ನೋಡಿದರು. ಕೇಳಬಾರದೆಂದುಕೊಂಡಿದ್ದವನು, ಆ ಹೊತ್ತು ನೀವು ದಿಬ್ಬದ ಮೇಲೆ ಇದ್ದಿರಾ ಎಂದು ಕೇಳಿಬಿಟ್ಟೆ.

ವೈನಿ ಕಿಟಕಿಯಿಂದ ಹೊರಗೆ ನೋಡಿ, ದನಿ ತಗ್ಗಿಸಿದರು.

"ನಾ ಅಲ್ಲೇ ನಿಂತಿದ್ದೆ. ಅವ್ರು ಹೊಳ್ಳಿ ನೋಡಲಿಲ್ಲ, ನಾ ಬಂದದ್ದು ಅವ್ರಿಗೆ ಗೊತ್ತಿಲ್ಲ. ಏನ್ ದೊಡ್ಡ ಮೀನರೀ ಅದು. ಬಲಿಯಾಗ ಹಾಕ್ರಿ, ಹಾಕ್ರಿ ಅಂತ ನಾನ ಮನಸಿನ್ಯಾಗ ಅನ್ನಾಕತ್ತಿದ್ದೆ."

ಹಾಗಾದರೆ ನನ್ನ ಕಣ್ಣು ಕಂಡದ್ದು ನಿಜ, ಅದರಿಂದ ಕಟ್ಟಿಕೊಂಡದ್ದು ಸುಳ್ಳು. ಧೈರ್ಯ ಬಂದು ಹಸಿರು ಶಾಲಿನ ಬಗ್ಗೆಯೂ ಕೇಳಿದೆ. ವೈನಿ ನಕ್ಕರು. ಅವರ ಬಳಿ ಹಸಿರು ಶಾಲು ಎಂದೂ ಇರಲಿಲ್ಲವಂತೆ.

ಬಾಗಿಲಲ್ಲಿ ಅಣ್ಣ ಬೂಟಿನ ಹಿಮ ಕೊಡವುವ ಸದ್ದು ಕೇಳಿತು. ವೈನಿ ಒಳಗೆ ಹೋಗುವ ಮುನ್ನ ಅವಸರದಲ್ಲಿ ಹೇಳಿದರು:

"ಮುಂದಿನ ವರ್ಷ ಬಲಿ ಅಂತ ಸ್ವಲ್ಪ ಜೋರಾಗಿ ಒದರ್ರಿ. ತೂಕ ಆದಮ್ಯಾಲೆ ಕಣ್ಣಿಗೊತ್ಕೊಂಡ್ರೂ ನಡೀತದ."