ಹಾಡಮ್ಮನ ಐದನೇ ಹಾಡು

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಇಬ್ಬರು ಹೆಂಗಸರು ಬಿಳಿ ಬೆಡ್‌ಶೀಟಿನ ಎರಡು ತುದಿ ಹಿಡಿದು ನಿಂತಿದ್ದಾರೆ. ಕೊಡವುತ್ತಾರೆ, ಎದುರೆದುರು ನಡೆದು ಬಂದು ತುದಿಗೆ ತುದಿ ಸೇರಿಸುತ್ತಾರೆ, ಮತ್ತೆ ಹಿಂದೆ ಸರಿಯುತ್ತಾರೆ. ಮಧ್ಯಾಹ್ನದೊಳಗೆ ಇಂಥವು ನಾನೂರು ಮುಗಿಯಬೇಕು.

"ಸರಿಯಾಗಿ ಎಳಿ, ನಿನ್ನ ಕಡೆ ಸೊಟ್ಟ ಇದೆ," ಎನ್ನುತ್ತಾರೆ ಅಕ್ಕ.

"ಸೊಟ್ಟ ಇರೋದು ನಿನ್ನ ಕಣ್ಣು ಕಣೇ," ಎನ್ನುತ್ತಾರೆ ತಂಗಿ.

ಈ ತಂಗಿಗೆ ಇಲ್ಲಿ ಹಾಡಮ್ಮ ಎಂದೇ ಹೆಸರು. ಅವರು ಹಾಡಿದ್ದನ್ನು ಮಾತ್ರ ಇಲ್ಲಿ ಯಾರೂ ಕೇಳಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ತಾವೇ ಬರೆದು, ತಾವೇ ರಾಗ ಹಾಕಿ, ಎಂಟು ಹಾಡುಗಳ ಕ್ಯಾಸೆಟ್ ತಂದಿದ್ದರು. ಮಾರಾಟವಾದದ್ದು ಇನ್ನೂರು. ಅದರಲ್ಲಿ ನೂರೈವತ್ತು ಅವರ ಬೀದಿಯಲ್ಲೇ. ಮೊನ್ನೆ ನಾನು ಅದನ್ನು ಎರಡು ಸಲ ಕೇಳಿದೆ. ಹಿನ್ನೆಲೆಯಲ್ಲಿ ಒಂದೇ ಗಿಟಾರ್, ಗಂಟಲಲ್ಲಿ ಚೂರೂ ನಟನೆಯಿಲ್ಲ. ಒದ್ದೆ ಬಟ್ಟೆ ಹಿಂಡಿ ಹಿಂಡಿ ಸೆಟೆದುಕೊಂಡ ಬೆರಳಿನ ಮೇಲೆ ಹಾಡು ಕಟ್ಟಿದವರು ಬೇರೆ ಯಾರೂ ನನಗೆ ಗೊತ್ತಿಲ್ಲ. ಹಳೆಯ ಕ್ಯಾಸೆಟ್ ಹುಡುಕಿ ಹೊರತರುವವರೊಬ್ಬರು ಈಗ ಇದನ್ನು ಮತ್ತೆ ತರಲು ಹೊರಟಿದ್ದಾರೆ.

ಆ ಮಾತೆತ್ತಿದರೆ ಹಾಡಮ್ಮ ತಲೆ ತಗ್ಗಿಸುತ್ತಾರೆ. "ಕ್ಯಾಸೆಟ್ ಓಡಲಿಲ್ಲ ಅಂತ ಎಲ್ಲರೂ ಅಯ್ಯೋ ಅಂದ್ರು. ಸದ್ಯ ಬದುಕಿದೆ ಅಂದ್ಕೊಂಡೋಳು ನಾನೊಬ್ಬಳೇ."

ಕಾರಣ, ಐದನೇ ಹಾಡು. ಗಂಡ ಹೊರಗೆ ದಬ್ಬಿದ ಅಕ್ಕ ಅದರಲ್ಲಿ ಮುಚ್ಚಿದ ಬಾಗಿಲ ಮುಂದೆ ಬರಿಗಾಲಲ್ಲಿ ನಿಂತು ಅಳುತ್ತಾಳೆ. ನಡೆದದ್ದು ಹಾಗಲ್ಲ. ಅಕ್ಕ ತಾವಾಗಿಯೇ ಆ ಮನೆ ಬಿಟ್ಟು ಬಂದವರು.

"ಬಿಟ್ಟು ಬಂದ್ಲು ಅಂದ್ರೆ ಜನ ಬೈತಾರೆ, ಹೊರಗೆ ಹಾಕಿದ್ರು ಅಂದ್ರೆ ಕಣ್ಣೀರು ಹಾಕ್ತಾರೆ. ಅದು ಗೊತ್ತಿದ್ದೇ ಹಾಗೆ ಬರೆದೆ. ಅವಳನ್ನ ಒಂದು ಮಾತು ಕೇಳಲಿಲ್ಲ."

ಇಪ್ಪತ್ತಾರು ವರ್ಷ ಒಂದೇ ಬಟ್ಟೆಯ ಎರಡು ತುದಿ ಹಿಡಿದರೂ ಇಬ್ಬರೂ ಆ ಹಾಡಿನ ಸುದ್ದಿ ತೆಗೆದವರಲ್ಲ. ಇವತ್ತು ಹಾಡಮ್ಮ ಕೈಯಲ್ಲಿದ್ದ ತುದಿಯನ್ನೇ ನೋಡುತ್ತಾ ಹೇಳುತ್ತಾರೆ: "ಅಕ್ಕಾ, ಆ ಹಾಡು ತೆಗೆಸಿಬಿಡ್ತೀನಿ."

ಅಕ್ಕನ ಕೈ ನಿಲ್ಲುತ್ತದೆ. "ಯಾಕೆ ತೆಗೀತೀಯ? ತೆಗೆದ್ರೆ ಹಳೇದೇ ನಿಜ ಅಂತ ಉಳ್ಕೊಳುತ್ತೆ. ಅಂಗಡಿಗೆ ಹೋದ್ರೆ ಪಾಪ ಅಂತಾರೆ, ನಲ್ಲಿ ಹತ್ರ ನಿಂತ್ರೆ ಪಾಪ ಅಂತಾರೆ. ಇಷ್ಟು ವರ್ಷ ಅವರ ಪಾಪ ಹೊತ್ತು ನನಗೆ ಸಾಕಾಗಿದೆ. ನಾನು ಅಳಲಿಲ್ಲ ಕಣೇ. ಕಾಲಲ್ಲಿ ಚಪ್ಪಲಿನೂ ಇತ್ತು, ಹೊಸದು!"

ಇಸ್ತ್ರಿ ಮಾಡುತ್ತಿದ್ದವರು ಗೊಳ್ಳೆಂದು ನಗುತ್ತಾರೆ. ಹಾಡಮ್ಮನಿಗೆ ನಗಲಾಗುವುದಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

ಭಾನುವಾರ ಐದನೇ ಹಾಡನ್ನು ಸಾಲು ತಿದ್ದಿ ಮತ್ತೆ ಹಾಡುತ್ತಾರಂತೆ. ಆವಿ ಕುಡಿದ ಗಂಟಲು ಈಗ ಮೇಲಕ್ಕೆ ಏಳುವುದಿಲ್ಲ, ಉಳಿದ ಏಳು ಹಾಡುಗಳ ಪಕ್ಕ ಹೊಂದುವುದಿಲ್ಲ ಎಂದು ಕ್ಯಾಸೆಟ್ ತರುವವರು ಆಗಲೇ ಎಚ್ಚರಿಸಿದ್ದಾರೆ.

"ಹೊಂದದಿದ್ರೆ ಬೇಡ," ಎನ್ನುತ್ತಾರೆ ಹಾಡಮ್ಮ. "ಕೇಳಿದೋರು ಗಂಟಲು ಒಡೆದಿದೆ ಅನ್ನಲಿ. ನಮ್ಮಕ್ಕ ತಾನೇ ಬಾಗಿಲು ತೆಗೆದು ಹೊರಗೆ ಬಂದ್ಲು, ಅದೊಂದು ಸಾಲು ನೆಟ್ಟಗೆ ಕೇಳಿಸಿದ್ರೆ ಸಾಕು."